ಕೋಳಿಯ ಹಸಿವು, ಮೆದುಳು, ವಂಶವಾಹಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಹಿಂದೆ ನಾಲ್ಕು ಕೋಳಿ ಸಾಕಿದವರು, ಶೆಡ್ ಹಾಕಿದವರು, ವೆಟರ್ನರಿ ಓದುತ್ತಿರುವ ಹುಡುಗರು, ಸುಮ್ನೆ ಕುತೂಹಲಕ್ಕೆ ಕೇಳುವವರು, ಹೀಗೆ ಬೇರೆ ಬೇರೆ ಕಡೆಯಿಂದ ಬಂದ ಪ್ರಶ್ನೆಗಳಿವು. ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋದರೂ ಅರ್ಥವಾಗುತ್ತದೆ.

ಮೊದಲ ಹಂತ: ಅಂಗಳದ ಪ್ರಶ್ನೆಗಳು

ಕೋಳಿ ಬೆಳಗ್ಗೆಯಿಂದ ಸಂಜೆವರೆಗೂ ಕುಕ್ಕುತ್ತಲೇ ಇರುತ್ತಲ್ಲ, ಹೊಟ್ಟೆ ತುಂಬಿದ್ದು ಅದಕ್ಕೆ ಗೊತ್ತಾಗೋದೇ ಇಲ್ವಾ?

ಗೊತ್ತಾಗುತ್ತದೆ. ಕುಕ್ಕಿದ್ದೆಲ್ಲ ಊಟ ಅಂದುಕೊಳ್ಳಬೇಡಿ. ಕೆದರುವುದು, ಕುಕ್ಕಿ ನೋಡುವುದು, ಬಿಡುವುದು, ಇದೆಲ್ಲ ಹುಡುಕಾಟ. ಕಾಡುಕೋಳಿ ಕಾಲದಿಂದ ಬಂದ ಅಭ್ಯಾಸ. ಮುಂದೆ ಬಟ್ಟಲು ತುಂಬ ಕಾಳಿದ್ದರೂ ಬಿಡಲ್ಲ.

ಇನ್ನೊಂದು ವಿಷಯ, ಕೋಳಿ ನುಂಗಿದ್ದು ನೇರ ಹೊಟ್ಟೆಗೆ ಹೋಗಲೇಬೇಕು ಅಂತಿಲ್ಲ. ಕತ್ತಿನ ಬುಡದಲ್ಲಿ ಕಾಳು ತುಂಬಿಟ್ಟುಕೊಳ್ಳುವ ಒಂದು ಚೀಲ ಇದೆ. ಸಂಜೆ ಗೂಡು ಸೇರಿದ ಮೇಲೆ ಒಂದು ಕೋಳಿಯನ್ನು ಎತ್ತಿಕೊಂಡು, ಎದೆಯ ಮೇಲ್ಭಾಗದಲ್ಲಿ ಸ್ವಲ್ಪ ಅದರ ಬಲಗಡೆಗೆ ಬೆರಳಾಡಿಸಿ ನೋಡಿ. ದಪ್ಪ ಉಂಡೆ ಸಿಗುತ್ತದೆ, ಒತ್ತಿದರೆ ಒಳಗಿನ ಜೋಳದ ಕಾಳು ಒಂದೊಂದೇ ಜಾರುವುದು ಬೆರಳಿಗೆ ತಿಳಿಯುತ್ತದೆ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅದೇ ಜಾಗ ಚಪ್ಪಟೆ. ಕತ್ತಲಲ್ಲಿ ಕೋಳಿ ಸಾಮಾನ್ಯವಾಗಿ ತಿನ್ನುವುದಿಲ್ಲ, ಅದಕ್ಕೇ ಹೊತ್ತು ಮುಳುಗುವ ಮೊದಲು ರಾತ್ರಿಗೆ ಬೇಕಾದ್ದನ್ನು ತುಂಬಿಕೊಳ್ಳುತ್ತದೆ. ಅಂದರೆ ಈಗಿನ ಹಸಿವಿನ ಜೊತೆಗೆ ಮುಂದಿನ ಹಸಿವಿನ ಲೆಕ್ಕವೂ ಅದರ ಮೈಯಲ್ಲಿದೆ.

ನಮ್ಮನೆ ಕೋಳಿ ಒಣಮೆಣಸಿನಕಾಯಿ ಬೀಜ ಆರಾಮಾಗಿ ತಿನ್ನುತ್ತೆ. ಅದಕ್ಕೆ ರುಚಿನೇ ಗೊತ್ತಾಗಲ್ವಾ?

ರುಚಿ ಗೊತ್ತಾಗುತ್ತದೆ, ನಮ್ಮಷ್ಟಿಲ್ಲ. ನಮ್ಮ ನಾಲಿಗೆಯಲ್ಲಿ ರುಚಿ ಮೊಗ್ಗುಗಳು ಸಾವಿರಗಟ್ಟಲೆ ಇದ್ದರೆ ಕೋಳಿಗೆ ನೂರುಗಳ ಲೆಕ್ಕದಲ್ಲಿವೆ. ಸಿಹಿ ಹಿಡಿಯಲು ಬೇಕಾದ ಒಂದು ಜೀನ್ ಕೋಳಿಯಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಬೆಲ್ಲದ ನೀರು ಕೊಟ್ಟು ಮರುಳು ಮಾಡುವುದು ಕಷ್ಟ. ಕಹಿ ತಿಳಿಯುತ್ತದೆ.

ಮೆಣಸಿನ ಖಾರ ಬೇರೆಯೇ ಕಥೆ. ಖಾರ ಅನ್ನುವುದು ಸುಟ್ಟ ನೋವು. ನಮ್ಮ ನರಗಳಲ್ಲಿ ಬಿಸಿಯನ್ನು ಹಿಡಿಯುವ ಒಂದು ಪ್ರೋಟೀನ್ ಇದೆ, ಮೆಣಸಿನ ಕ್ಯಾಪ್ಸೈಸಿನ್ ಅದಕ್ಕೇ ಹೋಗಿ ಅಂಟುತ್ತದೆ. ಕೋಳಿಯಲ್ಲೂ ಆ ಪ್ರೋಟೀನ್ ಇದೆ, ಬಿಸಿ ತಾಗಿದರೆ ಕೆಲಸ ಮಾಡುತ್ತದೆ, ಆದರೆ ಅದರ ಆಕಾರ ಒಂಚೂರು ಬೇರೆ ಇರುವುದರಿಂದ ಕ್ಯಾಪ್ಸೈಸಿನ್ ಅದನ್ನು ಕೆರಳಿಸುವುದಿಲ್ಲ. ಇದು 2002ರಲ್ಲಿ ಗೊತ್ತಾಯಿತು. ಬ್ಯಾಡಗಿ ಆದರೇನು, ಗುಂಟೂರು ಆದರೇನು, ಕೋಳಿಗೆ ಎಲ್ಲ ಒಂದೇ.

ಮೊಟ್ಟೆಯೊಡೆದು ಬಂದ ಮರಿ ಎರಡು ದಿನ ಏನೂ ತಿನ್ನದೆ ಹೇಗಿರುತ್ತೆ?

ಉಳಿದ ಹಳದಿ ಭಾಗ ಮರಿಯ ಹೊಟ್ಟೆಯೊಳಗೇ ಇರುತ್ತದೆ. ಎರಡು ಮೂರು ದಿನಕ್ಕೆ ಅದು ಸಾಕು. ಹ್ಯಾಚರಿಯಿಂದ ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿ ದೂರದೂರಿಗೆ ಕಳಿಸುವುದು ಇದೇ ಧೈರ್ಯದ ಮೇಲೆ. ಆದರೂ ಬೇಗ ನೀರು, ಫೀಡ್ ಸಿಕ್ಕಿದಷ್ಟೂ ಮರಿಯ ಕರುಳು ಬೇಗ ಬೆಳೆಯುತ್ತದೆ.

ಬೇಸಿಗೆಯಲ್ಲಿ ಫೀಡ್ ಹಾಗೇ ಉಳಿಯುತ್ತೆ. ರೋಗ ಇರಬಹುದಾ?

ಕೋಳಿ ಚುರುಕಾಗಿದ್ದು, ನೀರು ಮಾತ್ರ ಜಾಸ್ತಿ ಕುಡಿಯುತ್ತಾ ಕೊಕ್ಕು ತೆರೆದು ತೇಕುತ್ತಿದ್ದರೆ ಅದು ಸೆಕೆ. ಕೋಳಿಗೆ ಬೆವರುವ ಗ್ರಂಥಿ ಇಲ್ಲ, ಮೈಯ ಶಾಖವೇ 41-42 ಡಿಗ್ರಿ ಇರುತ್ತದೆ, ಮೇಲಿಂದ ತಿಂದದ್ದು ಅರಗುವಾಗಲೂ ಬಿಸಿ ಹುಟ್ಟುತ್ತದೆ. ಹಾಗಾಗಿ ಮೈ ಕಾಯುತ್ತಿದ್ದರೆ ತಿನ್ನುವುದನ್ನು ಕಡಿಮೆ ಮಾಡುತ್ತದೆ. ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್‌ನಲ್ಲಿ ಮಧ್ಯಾಹ್ನ ಫೀಡರ್ ತುಂಬಿಸಿ ಪ್ರಯೋಜನವಿಲ್ಲ. ನಸುಕಿನಲ್ಲಿ ಮತ್ತು ಸಂಜೆ ತಂಪಾದ ಮೇಲೆ ಕೊಡಿ, ನೀರು ತಣ್ಣಗಿರಲಿ.

ರೋಗದ್ದಾದರೆ ನೋಟವೇ ಬೇರೆ: ರೆಕ್ಕೆ ಇಳಿಬಿಟ್ಟು, ಗರಿ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ ಮೂಲೆ ಹಿಡಿಯುತ್ತದೆ. ಸೋಂಕಿಗೆ ಎದುರು ನಿಂತ ಜೀವಕೋಶಗಳು ಬಿಡುವ ರಾಸಾಯನಿಕಗಳೇ ಮೆದುಳಿಗೆ ತಲುಪಿ ಹಸಿವನ್ನು ಅಡಗಿಸುತ್ತವೆ, ನಮಗೆ ಜ್ವರ ಬಂದಾಗ ಅನ್ನ ಸೇರಲ್ಲವಲ್ಲ, ಅದೇ. ಆಗ ಹಸಿವಿನ ಟಾನಿಕ್ ಹುಡುಕಬೇಡಿ, ಡಾಕ್ಟರನ್ನು ಹುಡುಕಿ.

ಫಾರಂ ಕೋಳಿ ಅಷ್ಟೊಂದು ತಿಂದು ದಪ್ಪ ಆಗೋದು ಹಾರ್ಮೋನ್ ಇಂಜೆಕ್ಷನ್ನಿಂದಲೇ ಅಲ್ವಾ?

ಅಲ್ಲ. ಅತಿ ಹೆಚ್ಚು ಬರುವ ಪ್ರಶ್ನೆ ಇದು, ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನ್. ಫೀಡಿನಲ್ಲಿ ಬೆರೆಸಿದರೆ ಹೊಟ್ಟೆಯಲ್ಲೇ ಅರಗಿ ಹೋಗುತ್ತದೆ. ಚುಚ್ಚಬೇಕೆಂದರೆ ಹತ್ತು ಸಾವಿರ ಕೋಳಿಯ ಶೆಡ್‌ನಲ್ಲಿ ಒಂದೊಂದನ್ನೂ ಹಿಡಿದು ಮತ್ತೆ ಮತ್ತೆ ಚುಚ್ಚಬೇಕು. ಆರು ವಾರ ಬದುಕುವ, ಕೆಲವೇ ರೂಪಾಯಿ ಲಾಭದ ಕೋಳಿಗೆ ಯಾರು ಮಾಡುತ್ತಾರೆ ಹೇಳಿ. ಆ ತೂಕ ಬಂದದ್ದು ತಳಿ ಆಯ್ಕೆಯಿಂದ, ಅದರ ವಿವರ ಮೂರನೇ ಹಂತದಲ್ಲಿದೆ.

ಆಂಟಿಬಯೋಟಿಕ್ ವಿಚಾರ ಬೇರೆ, ಅದು ನಿಜವಾದ ತಲೆನೋವು. ಕೊಲಿಸ್ಟಿನ್ ಅನ್ನುವ ಔಷಧಿಯನ್ನು ಆಹಾರದ ಪ್ರಾಣಿಗಳಿಗೆ ಬಳಸುವುದನ್ನು ಭಾರತದಲ್ಲಿ 2019ರಲ್ಲಿ ನಿಷೇಧಿಸಿದ್ದು ಸುಮ್ನೆ ಅಲ್ಲ. ಎರಡನ್ನೂ ಕಲಸಿ ಮಾತಾಡಬೇಡಿ ಅಂತಷ್ಟೇ ನನ್ನ ಕೋರಿಕೆ.

ಮೊಟ್ಟೆ ಇಡೋ ಕೋಳಿ ಸಂಜೆ ಹೊತ್ತು ಗೋಡೆ ಸುಣ್ಣ ಕುಕ್ಕುತ್ತೆ. ಯಾಕೆ?

ಮೊಟ್ಟೆಯ ಚಿಪ್ಪು ಬಹುಪಾಲು ರಾತ್ರಿ ಕಟ್ಟುತ್ತದೆ, ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಅದಕ್ಕೇ ಇಳಿಹೊತ್ತಿನಲ್ಲಿ ಕೋಳಿಗೆ ಸುಣ್ಣದಂಶದ ಮೇಲೆಯೇ ಆಸೆ ಹುಟ್ಟುತ್ತದೆ, ಕಾಳಿನ ಹಸಿವಿಗೂ ಇದಕ್ಕೂ ಸಂಬಂಧವಿಲ್ಲ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಟ್ಟರೆ ತನಗೆ ಬೇಕಾದಷ್ಟನ್ನು ತಾನೇ ಆರಿಸಿಕೊಳ್ಳುತ್ತದೆ. ಗೋಡೆ ಉಳಿಯುತ್ತದೆ.

ಎರಡನೇ ಹಂತ: ಮೆದುಳಿನ ಕಡೆ

ಹಸಿವು ಮೆದುಳಿನಲ್ಲಿ ಎಲ್ಲಿರುತ್ತೆ?

ಮೆದುಳಿನ ತಳದಲ್ಲಿ ಹೈಪೋಥಲಾಮಸ್ ಅನ್ನುವ ಸಣ್ಣ ಭಾಗ ಇದೆ. ನಮ್ಮಲ್ಲೂ ಇದೆ, ಕೋಳಿಯಲ್ಲೂ ಇದೆ. ಅದರೊಳಗೆ ಎರಡು ಗುಂಪಿನ ನರಕೋಶಗಳು ಒಂದಕ್ಕೊಂದು ಎದುರಾಗಿ ಕೆಲಸ ಮಾಡುತ್ತವೆ. ಒಂದು ಗುಂಪಿನದು 'ಬೇಕು' ಅನ್ನುವ ಸುದ್ದಿ, ಇನ್ನೊಂದರದು 'ಸಾಕು' ಅನ್ನುವ ಸುದ್ದಿ. ಬೇಕು ಅನ್ನುವ ಕಡೆ ಎನ್‌ಪಿವೈ ಮತ್ತು ಎಜಿಆರ್‌ಪಿ ಎಂಬ ಪೆಪ್ಟೈಡ್‌ಗಳಿವೆ, ಅಂದರೆ ನರಕೋಶಗಳು ಸುದ್ದಿ ಕಳಿಸಲು ಬಳಸುವ ಸಣ್ಣ ಪ್ರೋಟೀನ್ ತುಣುಕುಗಳು. ಸಾಕು ಅನ್ನುವ ಕಡೆ ಆಲ್ಫಾ-ಎಂಎಸ್‌ಎಚ್ ಇದೆ, ಒತ್ತಡದ ಹೊತ್ತಲ್ಲಿ ಹೊರಡುವ ಸಿಆರ್‌ಎಫ್ ಇದೆ.

ಎನ್‌ಪಿವೈ ಎಷ್ಟು ಜೋರು ಅಂದರೆ, 1987ರಲ್ಲಿ ವಿಜ್ಞಾನಿಗಳು ಮರಿಗಳ ಮೆದುಳಿನ ದ್ರವದೊಳಗೆ ಅದನ್ನು ಒಂದು ಹನಿಗಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಹಾಕಿ ನೋಡಿದಾಗ ಮರಿಗಳು ತಿನ್ನುವುದು ಜಾಸ್ತಿಯಾಯಿತು. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಹೈಪೋಥಲಾಮಸ್‌ನ ಒಂದು ನಿರ್ದಿಷ್ಟ ಜಾಗಕ್ಕೆ ಗಾಯ ಮಾಡಿದರೆ ಹುಂಜಗಳು ತಿಂದು ತಿಂದು ಕೊಬ್ಬುತ್ತವೆ ಅಂತ ಕಂಡಿದ್ದರು. ಸಾಕು ಅನ್ನುವ ಸುದ್ದಿ ಅಲ್ಲಿ ಕಡಿದು ಹೋಗಿತ್ತು. ಈ ಗಾಯದ ಪ್ರಯೋಗವನ್ನು ನೆನಪಿಟ್ಟುಕೊಂಡಿರಿ, ಮುಂದೆ ಇನ್ನೊಮ್ಮೆ ಬರುತ್ತದೆ.

ಹೊಟ್ಟೆ ತುಂಬಿದ ವಿಷಯ ಮೆದುಳಿಗೆ ಯಾರು ಹೇಳ್ತಾರೆ?

ಎರಡು ದಾರಿ. ಒಂದು ನರದ ದಾರಿ: ಕಾಳಿನ ಚೀಲ, ಹೊಟ್ಟೆ ಹಿಗ್ಗಿದಾಗ ವೇಗಸ್ ನರದ ಮೂಲಕ ಸುದ್ದಿ ಹೋಗುತ್ತದೆ. ಇನ್ನೊಂದು ರಾಸಾಯನಿಕದ ದಾರಿ: ಕರುಳಿಗೆ ಪ್ರೋಟೀನ್, ಕೊಬ್ಬು ಬಂದಾಗ ಸಿಸಿಕೆ ಅನ್ನುವ ಹಾರ್ಮೋನ್ ಹೊರಡುತ್ತದೆ. ಅದನ್ನು ಹಿಡಿಯುವ ರಿಸೆಪ್ಟರ್ ಇದ್ದರೆ ಸುದ್ದಿ ತಲುಪಿತು, ಇಲ್ಲದಿದ್ದರೆ ಇಲ್ಲ. ಇದರ ಜೊತೆ ಜಿಎಲ್‌ಪಿ-1 ಕೂಡ ಇದೆ. ಈಗ ತೂಕ ಇಳಿಸುವ ಇಂಜೆಕ್ಷನ್‌ಗಳ ಸುದ್ದಿಯಲ್ಲಿ ಕೇಳುತ್ತೀರಲ್ಲ, ಅದೇ ಹಾರ್ಮೋನ್. ಮರಿಗಳ ಮೆದುಳಿಗೆ ಹಾಕಿದರೆ ಅವೂ ತಿನ್ನುವುದನ್ನು ಕಡಿಮೆ ಮಾಡುತ್ತವೆ ಅಂತ 1990ರ ದಶಕದಲ್ಲೇ ಜಪಾನಿನವರು ತೋರಿಸಿದ್ದರು.

ಗ್ರೆಲಿನ್ ಹಸಿವಿನ ಹಾರ್ಮೋನ್ ಅಂತ ಪಾಠದಲ್ಲಿದೆ. ಕೋಳಿಯಲ್ಲೂ ಅದೇ ಕೆಲಸನಾ?

ಇಲ್ಲ, ಉಲ್ಟಾ! ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎಡವುವ ಜಾಗ ಇದು. 1999ರಲ್ಲಿ ಜಪಾನಿನಲ್ಲಿ ಇಲಿಯ ಹೊಟ್ಟೆಯಿಂದ ಗ್ರೆಲಿನ್ ಸಿಕ್ಕಿತು, ಇಲಿಗೂ ಮನುಷ್ಯರಿಗೂ ಅದು ಹಸಿವು ಹೆಚ್ಚಿಸುತ್ತದೆ. ಮರಿಕೋಳಿಯ ಮೆದುಳಿಗೆ ಹಾಕಿದರೆ ತಿನ್ನುವುದೇ ನಿಲ್ಲುವ ಹಾಗಾಗುತ್ತದೆ. ಕೋಳಿಯಲ್ಲಿ ಅದು ಮೇಲೆ ಹೇಳಿದ ಸಿಆರ್‌ಎಫ್ ದಾರಿಯನ್ನು ಎಬ್ಬಿಸುತ್ತದೆ, ಹಾಗಾಗಿ ಸಾಕು ಅನ್ನುವ ಕಡೆ ಸೇರುತ್ತದೆ. ಒರೆಕ್ಸಿನ್ ಕೂಡ ಹಾಗೇ ಕೈಕೊಡುತ್ತದೆ, ಇಲಿಯಲ್ಲಿ ಹಸಿವು ಹೆಚ್ಚಿಸುವ ಅದು ಮರಿಕೋಳಿಯಲ್ಲಿ ಏನೂ ಮಾಡಲ್ಲ. ಹಕ್ಕಿಗಳ ದಾರಿಯೂ ಸಸ್ತನಿಗಳ ದಾರಿಯೂ ಕವಲೊಡೆದು 30 ಕೋಟಿ ವರ್ಷ ದಾಟಿದೆ. ಇಲಿಯ ಪುಸ್ತಕ ಇಟ್ಟುಕೊಂಡು ಕೋಳಿಗೆ ಉತ್ತರ ಬರೆದರೆ ಹೀಗಾಗುತ್ತದೆ.

ಕಾವಿಗೆ ಕೂತ ಕೋಳಿ ಪಕ್ಕದಲ್ಲೇ ಕಾಳಿಟ್ಟರೂ ತಿನ್ನಲ್ಲ. ಹಸಿವು ತಡ್ಕೊಂಡು ಕೂತಿರುತ್ತಾ?

ನನಗೆ ತುಂಬ ಇಷ್ಟದ ಪ್ರಶ್ನೆ. ಕಾವಿಗೆ ಕೂತ ನಾಟಿ ಹ್ಯಾಟೆಯನ್ನು ಗಮನಿಸಿ: ದಿನಕ್ಕೆ ಒಂದು ಸಲ ಏಳುತ್ತದೆ, ಓಡಿ ಹೋಗಿ ಗಬಗಬ ನಾಲ್ಕು ಕಾಳು, ಒಂದಷ್ಟು ನೀರು, ಒಂದು ದೊಡ್ಡ ಹಿಕ್ಕೆ, ಮೈ ಕೊಡವಿ ಮತ್ತೆ ಬುಟ್ಟಿಗೆ. ಇಪ್ಪತ್ತು ನಿಮಿಷದ ಕೆಲಸ. 21 ದಿನ ಮುಗಿಯುವಷ್ಟರಲ್ಲಿ ಕೈಗೆತ್ತಿಕೊಂಡರೆ ಎದೆಮೂಳೆ ತಾಗುತ್ತದೆ.

ಹಸಿವು ತಡೆದುಕೊಂಡು ಕೂತಿದೆ, ಎಷ್ಟು ತ್ಯಾಗ ಅಂತ ನಮಗನಿಸುತ್ತದೆ. 1980ರಲ್ಲಿ ಕಾಡುಕೋಳಿಗಳ ಮೇಲೆ ನಡೆದ ಒಂದು ಚೆಂದದ ಪ್ರಯೋಗ ಬೇರೆಯೇ ಹೇಳಿತು. ಕಾವಿಗೆ ಕೂತ ಕೋಳಿಗಳಿಗೆ ಕೆಲವು ದಿನ ಮೇವನ್ನೇ ಕೊಡದೆ, ಆಮೇಲೆ ಎದುರಿಗೆ ಧಾರಾಳವಾಗಿ ಇಟ್ಟರು. ಅವು ತಿಂದವು, ಆದರೆ ಹಳೇ ತೂಕಕ್ಕೆ ಮರಳುವಷ್ಟು ತಿನ್ನಲಿಲ್ಲ. ಕಾವಿನ ಆ ದಿನಕ್ಕೆ ಎಷ್ಟು ತೂಕ ಇರಬೇಕಿತ್ತೋ ಅಷ್ಟಕ್ಕೆ ಬಂದು ನಿಲ್ಲಿಸಿದವು. ಅಂದರೆ 'ನನ್ನ ತೂಕ ಇಷ್ಟಿರಬೇಕು' ಅನ್ನುವ ಗುರುತನ್ನೇ ಮೆದುಳು ದಿನದಿನಕ್ಕೆ ಕೆಳಗಿಳಿಸುತ್ತಾ ಹೋಗುತ್ತದೆ. ಹಾಗಾಗಿ ನಾವು ಅಂದುಕೊಂಡಷ್ಟು ಹಸಿವು ಅದಕ್ಕಿಲ್ಲ. ಕಾವಿನ ಹೊತ್ತಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿರುತ್ತದೆ. ಮೊಟ್ಟೆ ಫಾರಂನ ಬಿಳಿ ಲೆಗ್‌ಹಾರ್ನ್ ಕಾವಿಗೆ ಕೂರುವುದೇ ಅಪರೂಪ, ಯಾಕೆಂದರೆ ಆ ಗುಣವನ್ನು ತಳಿ ಆಯ್ಕೆಯಲ್ಲಿ ಜನರೇ ತೆಗೆದಿದ್ದಾರೆ.

ಮೂರನೇ ಹಂತ: ತಳಿ, ವಂಶವಾಹಿ

ನಾಟಿ ಕೋಳಿಗೆ ಬಾಯ್ಲರ್ ಫೀಡ್ ಹಾಕಿದ್ರೆ ಅದೇ ತೂಕ ಬರುತ್ತಾ?

ಬರಲ್ಲ. ದುಡ್ಡು ಖರ್ಚು ಅಷ್ಟೇ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1957ರ ಕಾಲದ ಮತ್ತು 1978ರ ಕಾಲದ ಮಾಂಸದ ಕೋಳಿ ತಳಿಗಳನ್ನು ಬದಲಾಯಿಸದೆ ಕಾಪಾಡಿಕೊಂಡು ಬಂದಿದ್ದರು. ಅವುಗಳ ಜೊತೆ 2005ರ ಬಾಯ್ಲರ್ ತಳಿಯನ್ನು ಸೇರಿಸಿ ಮೂರಕ್ಕೂ ಒಂದೇ ಫೀಡ್ ಹಾಕಿ ಸಾಕಿದರು. 56ನೇ ದಿನಕ್ಕೆ 1957ರದ್ದು 905 ಗ್ರಾಂ, 1978ರದ್ದು 1,808 ಗ್ರಾಂ, 2005ರದ್ದು 4,202 ಗ್ರಾಂ. ಫೀಡ್ ಒಂದೇ, ತಳಿ ಬೇರೆ.

ಮಧ್ಯದ ದಾರಿ ಬೇಕಿದ್ದರೆ ಅದಕ್ಕೂ ತಳಿಗಳಿವೆ. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ರೂಪಿಸಿ 1989ರಲ್ಲಿ ಬಿಟ್ಟ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ ಅಂಥವು. ನಾಟಿಗಿಂತ ಬೇಗ ಬೆಳೆಯುತ್ತವೆ, ಅಂಗಳದಲ್ಲಿ ಮೇಯ್ದುಕೊಂಡೂ ಇರುತ್ತವೆ.

ಬಾಯ್ಲರ್‌ಗೆ ಹಸಿವು ಜಾಸ್ತಿನಾ, ಇಲ್ಲಾ ಸಾಕು ಅನ್ಸೋದು ಕಮ್ಮಿನಾ?

ಬಲವಾದ ಪುರಾವೆ ಇರುವುದು ಎರಡನೆಯದಕ್ಕೆ. 1978ರಲ್ಲಿ ಇಸ್ರೇಲಿನಲ್ಲಿ ಮರಿಗಳ ಗಂಟಲಿಗೆ ಬಲವಂತವಾಗಿ ಫೀಡ್ ತುಂಬಿ ನೋಡಿದರು. ಮೊಟ್ಟೆ ತಳಿಯ ಮರಿಗಳಿಗೆ ಅವು ತಾವಾಗಿ ತಿನ್ನುವುದಕ್ಕಿಂತ ಬಹಳ ಜಾಸ್ತಿ ಹಿಡಿಸಿತು, ಅಂದರೆ ಅವು ಜಾಗ ಇರುವಾಗಲೇ ತಿನ್ನುವುದು ನಿಲ್ಲಿಸುತ್ತವೆ. ಮಾಂಸದ ತಳಿಯ ಮರಿಗಳಿಗೆ ಹೆಚ್ಚೇನೂ ತುಂಬಲಾಗಲಿಲ್ಲ. ಅವು ಮೊದಲೇ ಹೊಟ್ಟೆ ಹಿಡಿಸುವಷ್ಟನ್ನೂ ತಿಂದಿದ್ದವು. 2003ರಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ಊಟದ ಅಂತರ, ಪ್ರಮಾಣ ಎಲ್ಲ ಅಳೆದು ನೋಡಿದವರೂ ಇದನ್ನೇ ಹೇಳಿದರು: ಮೊಟ್ಟೆ ಕೋಳಿಯನ್ನು ಹಸಿವು ಮತ್ತು ತೃಪ್ತಿ ನಡೆಸುತ್ತದೆ, ಬಾಯ್ಲರನ್ನು ಹೊಟ್ಟೆಯ ಅಳತೆ ನಿಲ್ಲಿಸುತ್ತದೆ.

ಇದು ಯಾರೂ ಉದ್ದೇಶವಿಟ್ಟು ಮಾಡಿದ್ದಲ್ಲ. ತಳಿಗಾರರು ನೋಡಿದ್ದು ತಕ್ಕಡಿಯನ್ನು ಮಾತ್ರ. ಪ್ರತಿ ತಲೆಮಾರಿನಲ್ಲೂ ಹೆಚ್ಚು ತೂಗಿದ್ದನ್ನು ಉಳಿಸಿಕೊಂಡರು, ಸಾಕು ಅನ್ನುವ ಸುದ್ದಿ ಮೆಲ್ಲಗಿದ್ದ ಕೋಳಿಗಳು ತಾವಾಗಿ ಆ ಗುಂಪಿಗೆ ಸೇರುತ್ತಾ ಹೋದವು.

ಹಸಿವು ವಂಶದಿಂದ ಬರುತ್ತೆ ಅಂತ ಯಾರಾದ್ರೂ ಸಾಬೀತು ಮಾಡಿದ್ದಾರಾ?

ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಪಾಲ್ ಸೀಗಲ್ ಎಂಬ ವಿಜ್ಞಾನಿ 1957ರಲ್ಲಿ ಒಂದು ಕೆಲಸ ಶುರುಮಾಡಿದರು. ಬಿಳಿ ಪ್ಲಿಮತ್ ರಾಕ್ ಕೋಳಿಗಳ ಒಂದೇ ಗುಂಪಿನಿಂದ ಎರಡು ಕವಲು. ಒಂದರಲ್ಲಿ 56ನೇ ದಿನಕ್ಕೆ ಹೆಚ್ಚು ತೂಗುವುದನ್ನೇ ಆರಿಸುವುದು, ಇನ್ನೊಂದರಲ್ಲಿ ಕಡಿಮೆ ತೂಗುವುದನ್ನೇ. ವರ್ಷಕ್ಕೊಂದು ತಲೆಮಾರು. ಐವತ್ತು ತಲೆಮಾರು ದಾಟುವಷ್ಟರಲ್ಲಿ ಎರಡರ ನಡುವೆ ಹತ್ತು ಪಟ್ಟಿನಷ್ಟು ವ್ಯತ್ಯಾಸ ಬಂದಿತ್ತು! ದಪ್ಪ ಕವಲಿನವು ಬಿಟ್ಟರೆ ಮಿತಿಮೀರಿ ತಿಂದು ಬೊಜ್ಜು ಬರಿಸಿಕೊಳ್ಳುತ್ತವೆ, ಅವಕ್ಕೆ ಫೀಡ್ ಅಳೆದು ಹಾಕಬೇಕು. ಸಣ್ಣ ಕವಲಿನಲ್ಲಿ ಕೆಲವು ಮರಿಗಳು ಎದುರಿಗೆ ಫೀಡ್ ಇದ್ದರೂ ತಿನ್ನದೆ ಸಾಯುತ್ತವೆ.

ಈಗ ಆ ಗಾಯದ ಪ್ರಯೋಗ. 1983ರಲ್ಲಿ ಈ ಎರಡೂ ಕವಲಿನ ಕೋಳಿಗಳ ಹೈಪೋಥಲಾಮಸ್‌ಗೆ ಅದೇ ಜಾಗದಲ್ಲಿ ಗಾಯ ಮಾಡಿದರು. ಸಣ್ಣ ಕವಲಿನವು ಜಾಸ್ತಿ ತಿನ್ನತೊಡಗಿದವು. ದಪ್ಪ ಕವಲಿನವಕ್ಕೆ ಏನೂ ಆಗಲಿಲ್ಲ, ಮೊದಲಿನಷ್ಟೇ ತಿಂದವು. ಕಡಿಯಲು ಅಲ್ಲಿ ಸಾಕು ಅನ್ನುವ ಸುದ್ದಿ ಉಳಿದಿದ್ದರೆ ತಾನೇ. 2013ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಎನ್‌ಪಿವೈ ಹಾಕಿ ನೋಡಿದಾಗ ಸಣ್ಣ ಕವಲಿನ ಮರಿಗಳು ಜಾಸ್ತಿ ತಿನ್ನಲಿಲ್ಲ, ದಪ್ಪ ಕವಲಿನವು ತಿಂದವು. ಒಂದು ಕವಲಿನಲ್ಲಿ ಸಾಕು ಅನ್ನುವುದು ಸೊರಗಿದೆ, ಇನ್ನೊಂದರಲ್ಲಿ ಬೇಕು ಅನ್ನುವುದು. ಮಾಡಿದ್ದು ತೂಕದ ಆಯ್ಕೆ, ಬದಲಾದದ್ದು ಮೆದುಳು.

ಹಾಗಾದ್ರೆ 'ಹೊಟ್ಟೆಬಾಕ ಜೀನ್' ಅಂತ ಒಂದು ಇದೆಯಾ?

ಒಂದೇ ಇಲ್ಲ. ಹತ್ತಾರು ಜೀನ್‌ಗಳು ಒಂದಿಷ್ಟೊಂದಿಷ್ಟು ತಳ್ಳುತ್ತವೆ. ಅವುಗಳಲ್ಲಿ ಚೆನ್ನಾಗಿ ಸಿಕ್ಕಿಬಿದ್ದದ್ದು ಒಂದಿದೆ. ಕೋಳಿಯ 4ನೇ ಕ್ರೋಮೋಸೋಮಿನಲ್ಲಿ ತೂಕಕ್ಕೆ ಸಂಬಂಧಪಟ್ಟ ಜಾಗ ಒಂದಿತ್ತು. ಎಡಿನ್‌ಬರೋದ ರೋಸ್ಲಿನ್ ಸಂಸ್ಥೆಯವರು 2013ರಲ್ಲಿ ಆ ಜಾಗದಲ್ಲಿರುವುದು ಸಿಸಿಕೆ ಹಿಡಿಯುವ ರಿಸೆಪ್ಟರಿನ ಜೀನ್ ಅಂತ ತೋರಿಸಿದರು. ಬೇಗ ಬೆಳೆಯುವ ಕೋಳಿಗಳಲ್ಲಿ ಈ ರಿಸೆಪ್ಟರ್ ಕಡಿಮೆ ತಯಾರಾಗುತ್ತದೆ. ಕರುಳು ಸಾಕು ಅನ್ನುತ್ತಲೇ ಇರುತ್ತದೆ, ಕೇಳಿಸಿಕೊಳ್ಳುವವರು ಕಮ್ಮಿ.

ಕೋಳಿಯಲ್ಲಿ ಲೆಪ್ಟಿನ್ ಇದೆ ಅಂತ ಒಬ್ರು, ಇಲ್ಲ ಅಂತ ಒಬ್ರು. ಯಾವುದು ಸರಿ?

ಇದೆ, ಆದರೆ ನಾವು ಅಂದುಕೊಂಡ ಕೆಲಸ ಮಾಡುವಂತೆ ಕಾಣುವುದಿಲ್ಲ. 1994ರಲ್ಲಿ ಇಲಿಯಲ್ಲಿ ಲೆಪ್ಟಿನ್ ಸಿಕ್ಕಿತು, ಮೈಯ ಕೊಬ್ಬು ಮೆದುಳಿಗೆ 'ಇಷ್ಟು ದಾಸ್ತಾನಿದೆ' ಅಂತ ಹೇಳುವ ಹಾರ್ಮೋನ್. 1998ರ ಹೊತ್ತಿಗೆ ಕೋಳಿಯಲ್ಲೂ ಸಿಕ್ಕಿತು ಅಂದರು. ನೋಡಿದರೆ ಅದರ ಡಿಎನ್‌ಎ ಅಕ್ಷರಗಳು ಹೆಚ್ಚುಕಡಿಮೆ ಇಲಿಯದ್ದೇ! ಬೇರೆ ಪ್ರಯೋಗಾಲಯದವರಿಗೆ ಸಿಗಲೇ ಇಲ್ಲ. 2004ರಲ್ಲಿ ಕೋಳಿಯ ಜೀನೋಮ್, ಅಂದರೆ ಅದರ ಡಿಎನ್‌ಎಯ ನಕ್ಷೆ, ಕರಡು ರೂಪದಲ್ಲಿ ಪ್ರಕಟವಾದಾಗಲೂ ಅದರಲ್ಲಿ ಕಾಣಲಿಲ್ಲ. ವರ್ಷಗಟ್ಟಲೆ ಜಗಳ ನಡೆಯಿತು. ನಿಜವಾದ ಕೋಳಿ ಲೆಪ್ಟಿನ್ ಜೀನ್ 2016ರಲ್ಲಿ ಸಿಕ್ಕಿತು. ಓದಲು ಕಷ್ಟವಾದ ಡಿಎನ್‌ಎ ಭಾಗದಲ್ಲಿ ಅಡಗಿ ಕೂತಿತ್ತು. ಆದರೆ ಕೊಬ್ಬಿನಲ್ಲಿ ಅದು ಅಷ್ಟಾಗಿ ತಯಾರಾಗುವುದಿಲ್ಲ, ಮೆದುಳಿನಂಥ ಕಡೆ ತಯಾರಾಗುತ್ತದೆ. ಹಾಗಾಗಿ ಕೊಬ್ಬಿನ ದಾಸ್ತಾನಿನ ಸುದ್ದಿಗಾರ ಅಂತ ಕೋಳಿಯ ಮಟ್ಟಿಗೆ ಹೇಳುವಂತಿಲ್ಲ.

ಬಾಯ್ಲರ್ ಮರಿಗಳ ಅಪ್ಪ ಅಮ್ಮಂಗೆ ಅರೆಹೊಟ್ಟೆ ಹಾಕ್ತಾರಂತೆ, ನಿಜವಾ?

ನಿಜ. ಈ ಉದ್ಯಮದ ಬಗ್ಗೆ ನನಗೆ ಅತಿ ಹೆಚ್ಚು ಇರಿಸುಮುರಿಸು ಇರುವುದು ಇಲ್ಲೇ. ಬಾಯ್ಲರ್ ಆರು ವಾರಕ್ಕೆ ಮುಗಿಯುತ್ತದೆ, ಆದರೆ ಅದರ ತಾಯಿ ಒಂದು ವರ್ಷಕ್ಕೂ ಹೆಚ್ಚು ಬದುಕಿ ಮೊಟ್ಟೆ ಇಡಬೇಕು. ಮೈಯಲ್ಲಿರುವುದು ಅದೇ ವಂಶವಾಹಿ. ಬೇಕಾದಷ್ಟು ತಿನ್ನಲು ಬಿಟ್ಟರೆ ಬೊಜ್ಜು ಬರುತ್ತದೆ, ಕಾಲು ಸೋಲುತ್ತದೆ, ಮೊಟ್ಟೆ ಹದ ತಪ್ಪುತ್ತದೆ, ಬೇಗ ಸಾಯುತ್ತದೆ. ಅದಕ್ಕೆ ಬೆಳೆಯುವ ಹಂತದಲ್ಲಿ, ಬಿಟ್ಟರೆ ತಿನ್ನುತ್ತಿದ್ದುದರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಹಾಕುತ್ತಾರೆ. ಹಾಕಿದ್ದು ನೋಡನೋಡುತ್ತಿದ್ದಂತೆ ಖಾಲಿ. ಉಳಿದ ಹೊತ್ತೆಲ್ಲ ಖಾಲಿ ಫೀಡರ್ ಕುಕ್ಕುತ್ತವೆ, ಅತಿಯಾಗಿ ನೀರು ಕುಡಿಯುತ್ತವೆ, ಸುಮ್ನೆ ಅತ್ತಿಂದಿತ್ತ ಓಡಾಡುತ್ತವೆ.

ತೂಕ ಸರಿಯಾಗಿದೆ, ಆರೋಗ್ಯವಾಗಿವೆ, ಮತ್ತೇನು ಅಂತ ಕೆಲವರು ವಾದಿಸುತ್ತಾರೆ. ಅಳೆದು ಹಾಕಿದ ಕೋಳಿಗಳ ಹೈಪೋಥಲಾಮಸ್ ನೋಡಿದಾಗ ಎಜಿಆರ್‌ಪಿ, ಎನ್‌ಪಿವೈ ಜೀನ್‌ಗಳು ಜೋರಾಗಿ ಕೆಲಸ ಮಾಡುತ್ತಿರುವುದು ಕಂಡಿದೆ. ಹಸಿದಿವೆ ಅನ್ನಲು ಇದಕ್ಕಿಂತ ನೇರ ಸಾಕ್ಷಿ ಕೋಳಿಯ ಬಾಯಿಂದ ಬರಲಾರದು.

ಇದಕ್ಕೆ ತಳಿಯಲ್ಲೇ ಏನಾದ್ರೂ ದಾರಿ ಇದೆಯಾ?

ಒಂದು ಜಾಣ ದಾರಿ ಬಳಕೆಯಲ್ಲಿದೆ, ಎಲ್ಲ ಕಡೆ ಅಲ್ಲ. ಕುಳ್ಳು ಜೀನ್ ಅಂತ ಒಂದಿದೆ, ಬೆಳವಣಿಗೆಯ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್ ಅದರಲ್ಲಿ ಕೆಟ್ಟಿರುತ್ತದೆ. ಅದು ಇರುವುದು ಝಡ್ ಎಂಬ ಲಿಂಗ ಕ್ರೋಮೋಸೋಮಿನಲ್ಲಿ. ಹುಂಜಕ್ಕೆ ಎರಡು ಝಡ್, ಹ್ಯಾಟೆಗೆ ಒಂದೇ ಝಡ್, ಮತ್ತೊಂದು ಡಬ್ಲ್ಯು. ಕುಳ್ಳು ಜೀನ್ ಇರುವ ಹ್ಯಾಟೆಯನ್ನು ಮಾಮೂಲಿ ದಪ್ಪ ಹುಂಜಕ್ಕೆ ಬಿಟ್ಟರೆ, ಹೆಣ್ಣು ಮರಿಗಳಿಗೆ ಝಡ್ ಸಿಗುವುದು ಅಪ್ಪನಿಂದ ಮಾತ್ರ, ಅವು ಪೂರ್ತಿ ಮಾಮೂಲಿ. ಗಂಡು ಮರಿಗಳಿಗೆ ಅಮ್ಮನ ಕುಳ್ಳು ಜೀನ್ ಬಂದರೂ ಅಪ್ಪನ ಸರಿ ಜೀನ್ ಅದನ್ನು ಬಹುಪಾಲು ಮುಚ್ಚುತ್ತದೆ, ತೂಕದಲ್ಲಿ ಸ್ವಲ್ಪವೇ ಹಿಂದೆ. ಹೀಗೆ ಸಣ್ಣ ಅಮ್ಮನಿಂದ ದೊಡ್ಡ ಮಕ್ಕಳು. ಅಮ್ಮನಿಗೆ ಬೇಕಾದ ಫೀಡೇ ಕಡಿಮೆ, ಹಾಗಾಗಿ ಅವಳನ್ನು ಅಷ್ಟು ಬಿಗಿಯಾಗಿ ಅರೆಹೊಟ್ಟೆಯಲ್ಲಿ ಇಡಬೇಕಾಗುವುದಿಲ್ಲ. ಯುರೋಪಿನ ನಿಧಾನ ಬೆಳೆಯುವ ಕೆಲವು ಬಣ್ಣದ ತಳಿಗಳ ತಾಯಂದಿರು ಇಂಥವೇ. ಅಪ್ಪ ಹುಂಜದ ಹಸಿವಿಗೆ ಮಾತ್ರ ಇದರಿಂದ ಏನೂ ಆಗುವುದಿಲ್ಲ, ಅದಕ್ಕೆ ಈಗಲೂ ಅಳೆದೇ ಹಾಕುತ್ತಾರೆ.